ಜೇಡನ ಪೊರೆ

ಮಾಂಡಿಂಗೋ ಜನರ ನಾಡಿನಲ್ಲಿ, ನೈಜರ್ ನದಿಯ ದಡದ ಒಂದು ಹಳ್ಳಿಯಲ್ಲಿ ಲನ್ಸಾನಾ ಎಂಬ ವಯಸ್ಸಾದ ಗುರುಗಳಿದ್ದರು. ಅವರು ಗ್ರಿಯೋ. ನಮ್ಮಲ್ಲಿ ಹೆಳವರು ಮಾಡುವ ಹಾಗೆ, ಮನೆತನಗಳ ವಂಶವನ್ನೆಲ್ಲ ನೆನಪಿನಲ್ಲಿಟ್ಟುಕೊಂಡು ಹಾಡುವವರು.

ಅವರ ಗುಡಿಸಲಿನಲ್ಲಿ ಊರಿನ ಪವಿತ್ರ ವಾದ್ಯ ಬಾಲಾ ಇತ್ತು. ಮೇಲೆ ಮರದ ಪಟ್ಟಿಗಳು, ಕೆಳಗೆ ಸೋರೆಬುರುಡೆಗಳು. ಸತ್ತ ಹಿರಿಯರನ್ನು ಹೆಸರು ಹಿಡಿದು ಕರೆಯುವ ದಿನ, ವರ್ಷಕ್ಕೊಮ್ಮೆ ಮಾತ್ರ, ಅದನ್ನು ಹೊರಗೆ ತರುತ್ತಿದ್ದರು.

ಬುರಮಾ ಅವರ ಶಿಷ್ಯ. ಉಳಿದವರೆಲ್ಲ ಬಿಟ್ಟುಹೋಗಿ ಇವನೊಬ್ಬನೇ ಉಳಿದಿದ್ದ. ಹೆಸರುಗಳನ್ನು ಬಾಯಿಪಾಠ ಮಾಡಿದ್ದ, ಆದರೆ ನುಡಿಸುವ ಅಪ್ಪಣೆ ಇನ್ನೂ ಸಿಕ್ಕಿರಲಿಲ್ಲ.

ಆ ವರ್ಷ ದೂರದ ಊರುಗಳಿಂದಲೂ ಜನ ಬರುವವರಿದ್ದರು. ಮೂಲೆಮೂಲೆಯಲ್ಲಿ ಜೇಡರ ಬಲೆ ಕಂಡು ಬುರಮಾನಿಗೆ ನಾಚಿಕೆಯಾಯಿತು. ಗುರುಗಳು ನದಿಗೆ ಹೋದಾಗ, ಪಾಪ, ಪೊರಕೆ ಹಿಡಿದು ಜೇಡಗಳನ್ನೆಲ್ಲ ಓಡಿಸಿದ. ಬಾಲಾದ ಬುರುಡೆಗಳಿಗೂ ಏನೋ ಅಂಟಿತ್ತು. ಭಕ್ತಿಯಿಂದ ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿದ.

ಮರುದಿನ ಜನ ಸೇರಿದರು. ಲನ್ಸಾನಾ ಮೊದಲ ಏಟು ಹಾಕಿದರು. ಅವರ ಕೈ ಒಂದು ಗಳಿಗೆ ನಿಂತಿತು. ಜನರ ಮುಖ ನೋಡಿದರು. ಆಮೇಲೆ ಸಂಜೆಯವರೆಗೂ ನುಡಿಸಿ, ಎಲ್ಲ ಹಿರಿಯರನ್ನೂ ಕರೆದರು.

"ಎಂಥ ಇಂಪು! ಇಷ್ಟು ಚೆನ್ನಾಗಿ ಯಾವತ್ತೂ ಕೇಳಿರಲಿಲ್ಲ," ಅಂದರು ಜನ. ಉಂಡು ಹೋದರು.

ಬುರಮಾ ಒಳಗೆ ಬಂದಾಗ ಗುರುಗಳು ಅಳುತ್ತಿದ್ದರು.

"ಯಾಕೆ ಗುರುಗಳೇ? ಎಲ್ಲರೂ ಹೊಗಳಿದರಲ್ಲ!"

"ಅದಕ್ಕೇ ಅಳುತ್ತಿದ್ದೇನೆ."

ಅವರು ಬುರಮಾನ ಬೆರಳು ಹಿಡಿದು ಒಂದು ಬುರುಡೆಯ ಮೇಲಿಟ್ಟರು. ಅಲ್ಲೊಂದು ಸಣ್ಣ ತೂತಿತ್ತು.

"ಇಲ್ಲಿ ಏನಿತ್ತು?"

"ಜೇಡನ ಕೊಳೆ. ಒರೆಸಿದೆ."

"ಅದು ಜೇಡ ತನ್ನ ಮೊಟ್ಟೆಗೆ ಸುತ್ತುವ ಪೊರೆ. ನನ್ನ ಗುರು ಅಂಟಿಸಿದ್ದು, ಹರಿದಾಗ ನಾನು ಅಂಟಿಸಿದ್ದು. ಪಟ್ಟಿಗೆ ಹೊಡೆದರೆ ಅದು ಗುಂಯ್ ಅಂತ ನಡುಗುತ್ತದೆ. ನಾನು ಹೆಸರು ಹಿಡಿದು ಕರೆದಾಗ ಹಿರಿಯರು ಓಗೊಡುವುದು ಅದರಲ್ಲೇ. ಇವತ್ತು ಯಾರೂ ಓಗೊಡಲಿಲ್ಲ."

ತಂಬೂರಿಯ ತಂತಿಯಡಿ ಸಿಕ್ಕಿಸಿ ಝೇಂಕಾರ ಹೊರಡಿಸುವ ನೂಲೆಳೆ, ಆ ಜೀವಾಳವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬುರಮಾ ಬೆರಳು ಹಿಂದಕ್ಕೆ ತೆಗೆದುಕೊಂಡ. "ಮೊದಲೇ ಒಂದು ಮಾತು ಹೇಳಬಾರದಿತ್ತೇ?"

"ನನಗೂ ಯಾರೂ ಹೇಳಿರಲಿಲ್ಲ. ಬಾಲಾದ ದನಿಯಲ್ಲೇ ಕೇಳಿಸಿಕೊಂಡೆ."

"ಮೊದಲ ಏಟಿಗೇ ನಿಮಗೆ ಗೊತ್ತಾಯಿತಲ್ಲ. ಯಾಕೆ ನಿಲ್ಲಿಸಲಿಲ್ಲ?"

"ಒಬ್ಬರಾದರೂ ಎದ್ದು, 'ನಿಲ್ಲಿಸು' ಅನ್ನಲಿ ಅಂತ ಕಾದೆ. ಸಂಜೆಯವರೆಗೂ ಕಾದೆ."

ಬುರಮಾ ಉಳಿದ ಬುರುಡೆಗಳ ತೂತುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದ. "ಮಳೆ ಬಿದ್ದರೆ ಜೇಡಗಳು ಬರುತ್ತವೆ ಗುರುಗಳೇ. ನಾನೇ ಪೊರೆ ಹುಡುಕಿ ತರುತ್ತೇನೆ. ಎಲ್ಲ ತೂತುಗಳಿಗೂ ಅಂಟಿಸುತ್ತೇನೆ."

"ಅದಿರಲಿ. ನೀನು ಇಡೀ ದಿನ ನನ್ನ ಪಕ್ಕದಲ್ಲೇ ಕೂತಿದ್ದೆ. ಅವರು ಓಗೊಡುತ್ತಿಲ್ಲ ಅಂತ ನಿನಗೆ ಯಾವಾಗ ಗೊತ್ತಾಯಿತು?"

ಸುಳ್ಳು ಹೇಳಬಹುದಿತ್ತು. ಬುರಮಾ ಹೇಳಲಿಲ್ಲ.

"ಈಗ, ನೀವು ಹೇಳಿದ ಮೇಲೆ."

ಲನ್ಸಾನಾ ನುಡಿಸುವ ಕೋಲುಗಳನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಗಿಟ್ಟರು.

"ಜೇಡ ಮತ್ತೆ ಬರುತ್ತದೆ, ಮಗಾ. ಕಿವಿ ಎಲ್ಲಿಂದ ತರಲಿ?"