ಪೀಪಾಯಿ ಮತ್ತು ಕಿಂಡಿ

ಚೆನ್ನವೀರನೆಂಬ ಶಿಷ್ಯ ಕೇಳಿದ: "ಗುರುಗಳೇ, ಏನು ಕಂಡರೂ ಏನು ಕೇಳಿದರೂ ಕದಡದ ಮನಸ್ಸು, ಅದೇ ಅಲ್ಲವೇ ಜ್ಞಾನಿಯ ಗುರುತು?"

ಗುರುಗಳ ಮುಖ ಬಿಗಿದುಕೊಂಡಿತು. ಅವರು ಒಂದು ಕತೆ ಹೇಳತೊಡಗಿದರು.

ಹಿಮ ಬೀಳುವ ಒಂದು ಬೆಟ್ಟದ ಸೀಮೆಯಲ್ಲಿ ಒಬ್ಬ ಮದ್ಯದ ವ್ಯಾಪಾರಿಯಿದ್ದ. ಅವನು ಬಾರ್ಲಿಯಿಂದ ಮದ್ಯ ಮಾಡಿಸಿ, ಮರದ ಪೀಪಾಯಿಗಳಿಗೆ ತುಂಬಿಸಿ, ಅದಕ್ಕೆ ಹುಳಿ ಚೆರ್ರಿ ಹಣ್ಣು ಸುರಿಸಿ, ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇಡುತ್ತಿದ್ದ. ನಾನು ಅದನ್ನು ಕುಡಿದವನಲ್ಲ, ನೀನೂ ಕುಡಿಯಬೇಕಾಗಿಲ್ಲ. ಕುಡಿದವರು ಹೇಳುವುದಿಷ್ಟು: ಮೊದಲು ಹುಳಿಗೆ ನಾಲಿಗೆ ಮುದುಡುತ್ತದೆ, ಆಮೇಲೆ ಹಣ್ಣಿನ ರುಚಿ ಬಿಚ್ಚಿಕೊಳ್ಳುತ್ತದೆ, ಕೊನೆಗೆ ಮರದ ಒಗರು ಗಂಟಲಲ್ಲಿ ನಿಲ್ಲುತ್ತದೆ.

ಪೀಪಾಯಿಗಳನ್ನು ನೋಡಿಕೊಳ್ಳಲು ಒಬ್ಬ ಕೆಲಸಗಾರನಿದ್ದ. ಚೆರ್ರಿ ಬಿದ್ದ ಮೇಲೆ ಮದ್ಯ ಮತ್ತೆ ಹುದುಗುತ್ತದೆ. ಹುದುಗುವಾಗ ಅದರಿಂದ ಒಂದು ಗಾಳಿ ಏಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೇಲಕ್ಕೂ ಹೋಗುವುದಿಲ್ಲ, ನೀರಿನಂತೆ ನೆಲದ ಮೇಲೆ ತುಂಬಿಕೊಳ್ಳುತ್ತದೆ. ಅದರಲ್ಲಿ ಬಗ್ಗಿ ಕೆಲಸ ಮಾಡಿದವನ ಉಸಿರು ಕಟ್ಟುತ್ತದೆ. ಅದಕ್ಕೆಂದೇ ನೆಲಮಾಳಿಗೆ ಕಟ್ಟಿದವರು ಇಳಿಜಾರಿನ ಕಡೆಯ ಗೋಡೆಯ ಬುಡದಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಕೆಟ್ಟ ಗಾಳಿ ಅದರಿಂದ ಹೊರಗೆ ಹರಿದುಹೋಗುತ್ತಿತ್ತು.

ಕಿಂಡಿಯಿಂದ ಬಿಸಿಲ ಕಾವು ಒಳಗೆ ಬಂದು ಹುಳಿಯ ಹದ ಕೆಡುತ್ತದೆ ಎಂದು ಯಾರೋ ವ್ಯಾಪಾರಿಗೆ ಹೇಳಿದರು. ಅವನು ಕಿಂಡಿಗೆ ಹಲಗೆ ಹೊಡೆಸಿದ. ಆ ಬೇಸಿಗೆಯಲ್ಲಿ ಕೆಲಸಗಾರ ನೆಲಮಾಳಿಗೆಯಲ್ಲಿ ಸತ್ತುಬಿದ್ದ. ಅವನ ಎದೆ ಮೊದಲಿನಿಂದಲೂ ದುರ್ಬಲವಾಗಿತ್ತು ಎಂದು ವ್ಯಾಪಾರಿ ಊರಿಗೆ ಹೇಳಿದ. ಊರು ಒಪ್ಪಿಕೊಂಡಿತು. ಸತ್ತವನ ಹೆಂಡತಿ ಒಪ್ಪಲಿಲ್ಲ. ಆದರೂ ಹೊಟ್ಟೆಪಾಡಿಗಾಗಿ ಅದೇ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ನಿಂತಳು. ಗಂಡನ ಜಾಗಕ್ಕೆ ಅವಳ ತಮ್ಮನನ್ನೇ ತೆಗೆದುಕೊಂಡರು. ಹಣ್ಣು ಬೀಳುವ ದಿನಗಳಲ್ಲಿ ಅವನು ಕೆಳಗೆ ಹೆಚ್ಚು ಹೊತ್ತು ನಿಲ್ಲದಂತೆ ಅವಳು ವರ್ಷವರ್ಷವೂ ಕಾಯುತ್ತಿದ್ದಳು. ಕಿಂಡಿ ತೆಗೆಸಿ ಎಂದು ಅವಳು ವ್ಯಾಪಾರಿಯನ್ನು ಬೇಡಿಕೊಳ್ಳುತ್ತಲೇ ಇದ್ದಳು. ಅವನು ಆಗಲಿ ಎನ್ನುತ್ತಿದ್ದ, ತೆಗೆಸುತ್ತಿರಲಿಲ್ಲ.

ಗಂಡ ಸತ್ತ ವರ್ಷದ ಮದ್ಯ ಹದಕ್ಕೆ ಬಂತು. ವ್ಯಾಪಾರಿ ಊರಿನ ದೊಡ್ಡವರನ್ನು ರುಚಿ ನೋಡಲು ಕರೆದ. ಅವರ ನಡುವೆ ಒಬ್ಬ ಸಾಧುವನ್ನು ಎತ್ತರದ ಪೀಠದಲ್ಲಿ ಕೂರಿಸಿದ. ಆ ಸೀಮೆಯ ಸಾಧುಗಳಿಗೆ ಮದ್ಯ ನಿಷಿದ್ಧವಲ್ಲ. ಈ ಸಾಧುವಿನ ಮಾತನ್ನು ವ್ಯಾಪಾರಿ ಎಂದೂ ಮೀರಿದವನಲ್ಲ.

ಬಟ್ಟಲುಗಳನ್ನು ಹಂಚುವ ಕೆಲಸ ಆ ಹೆಂಗಸಿನ ಪಾಲಿಗೆ ಬಂತು. ಅತಿಥಿಗಳು ಬಟ್ಟಲನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದರು, ಮೂಸಿದರು, ಒಂದು ಗುಟುಕನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಇಂಥ ಮದ್ಯ ಈ ಬೆಟ್ಟದಲ್ಲಿ ಹಿಂದೆ ಆಗಿರಲಿಲ್ಲ ಎಂದರು. ಅವಳು ಬರಿಗೈಯಲ್ಲಿ ನಡುವೆ ಬಂದು ನಿಂತಳು.

"ಇದು ನನ್ನ ಗಂಡ ನೆಲಮಾಳಿಗೆಗೆ ಇಳಿಸಿದ ಪೀಪಾಯಿಯ ಮದ್ಯ," ಎಂದಳು. "ಇದಕ್ಕೆ ಹಣ್ಣು ಸುರಿದ ವಾರದಲ್ಲೇ ಆ ಪೀಪಾಯಿಯ ಪಕ್ಕದಲ್ಲಿ ಅವನು ಸತ್ತ. ಎದೆ ನಿಂತು ಸತ್ತವನಲ್ಲ, ಕಿಂಡಿ ಮುಚ್ಚಿದ್ದಕ್ಕೆ ಸತ್ತ. ಈ ವರ್ಷದ ಹಣ್ಣು ಬಿದ್ದಿದೆ. ನನ್ನ ತಮ್ಮ ಈಗಷ್ಟೇ ಕೆಳಗೆ ಇಳಿದಿದ್ದಾನೆ, ಬೇಡವೆಂದರೂ ಕೇಳಲಿಲ್ಲ, ಧಣಿಗಳ ಹೆದರಿಕೆ. ನಿಮ್ಮಲ್ಲಿ ಒಬ್ಬರು ಹೇಳಿದರೆ ಧಣಿಗಳು ಹಲಗೆ ತೆಗೆಸುತ್ತಾರೆ."

ಯಾರೂ ಏಳಲಿಲ್ಲ. ಒಬ್ಬ ಅಧಿಕಾರಿ ಇನ್ನೊಂದು ಗುಟುಕು ಹೀರಿ, "ಈಗ ತಿಳಿಯಿತು, ಇದರ ರುಚಿಯಲ್ಲಿ ಏನೋ ಒಂದು ಆಳ ಇದೆ ಅಂದುಕೊಂಡೆ, ಅದು ದುಃಖ," ಎಂದ. ಪಕ್ಕದವರು ತಲೆದೂಗಿ, ಆ ದುಃಖ ಸಿಗುತ್ತದೆಯೋ ಎಂದು ತಾವೂ ಇನ್ನೊಮ್ಮೆ ಹೀರಿದರು.

ಇದನ್ನು ಹೇಳುವಾಗ ಗುರುಗಳ ದನಿ ಗಡುಸಾಯಿತು. ಚೆನ್ನವೀರ ತಲೆ ತಗ್ಗಿಸಿದ. ಗುರುಗಳು ಮುಂದುವರಿಸಿದರು.

ಅವಳು ಸಾಧುವಿನ ಕಡೆ ತಿರುಗಿದಳು. "ಸ್ವಾಮಿ, ನೀವಾದರೂ ಹೇಳಿ."

ಸಾಧು ಮುಗುಳ್ನಕ್ಕ. "ಮಗಳೇ, ನಿನ್ನ ಮನಸ್ಸು ಕೋಪದಿಂದ ಕದಡಿದೆ. ಹುಟ್ಟಿದವನು ಹೋಗುತ್ತಾನೆ, ಯಾರ ಮೇಲೂ ತಪ್ಪು ಹೊರಿಸಬೇಡ. ನನ್ನನ್ನು ನೋಡು. ನೀನು ಇಷ್ಟು ಹೇಳಿದೆ, ನನ್ನೊಳಗೆ ಒಂದು ಅಲೆಯೂ ಏಳಲಿಲ್ಲ."

ಹೀಗೆ ಹೇಳಿ ಅವನು ಬಟ್ಟಲನ್ನು ತುಟಿಗಿಟ್ಟ. ವ್ಯಾಪಾರಿ ಕೈಮುಗಿದ. ಎಂಥ ಸ್ಥಿತಪ್ರಜ್ಞ ಎಂದು ಅತಿಥಿಗಳು ಪಿಸುಗುಟ್ಟಿದರು.

ಅವಳು ಹಿತ್ತಿಲಿಗೆ ಓಡಿ ಹಾರೆ ಹಿಡಿದು ಇಳಿಜಾರಿಗೆ ಹೋದಳು. ಹಲಗೆಯ ಸಂದಿಗೆ ಹಾರೆ ತೂರಿಸಿ ಮೀಟಿದಳು. ಮೊಳೆಗಳು ತುಕ್ಕು ಹಿಡಿದು ಬಿಗಿದಿದ್ದವು. ಅಂಗೈ ಸುಲಿಯಿತು. ಅಷ್ಟು ದಿನ ನುಂಗಿಕೊಂಡಿದ್ದ ಕೋಪವೆಲ್ಲ ಅವಳ ತೋಳಿಗೆ ಬಂದಿತ್ತು. ಒಂದು ಹಲಗೆ ಸೀಳಿತು, ಮತ್ತೊಂದು ಕಿತ್ತುಬಂತು. ಅವಳು ಕಿಂಡಿಗೆ ಬಾಯಿಟ್ಟು ತಮ್ಮನ ಹೆಸರು ಹಿಡಿದು ಕೂಗಿದಳು. ಉತ್ತರವಿಲ್ಲ. ಮತ್ತೆ ಮತ್ತೆ ಕೂಗಿದಳು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಕೆಮ್ಮು ಕೇಳಿಸಿತು. ತಮ್ಮ ಪೀಪಾಯಿಯ ಬುಡದಲ್ಲಿ ಕುಸಿದಿದ್ದವನು ಗೋಡೆ ಹಿಡಿದು ಎದ್ದ. ಮೆಟ್ಟಿಲಲ್ಲಿ ತೆವಳಿಕೊಂಡು ಮೇಲೆ ಬಂದ. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು.

ಸದ್ದು ಕೇಳಿ ವ್ಯಾಪಾರಿ ಓಡಿಬಂದ. ಅವನು ಮೊದಲು ನೋಡಿದ್ದು ಹಲಗೆಯನ್ನು. ಅಂದೇ ಅಕ್ಕತಮ್ಮಂದಿರನ್ನು ಮನೆಯಿಂದ ಹೊರಗೆ ಹಾಕಿದ. ಅವರು ಬೆಟ್ಟ ಇಳಿದು ಹೋಗಿ ಬೇರೆ ಊರಿನಲ್ಲಿ ಕೂಲಿ ಮಾಡಿ ಬದುಕಿದರು. ಮರುದಿನ ವ್ಯಾಪಾರಿ ಕಿಂಡಿಗೆ ಹೊಸ ಹಲಗೆ ಹೊಡೆಸಿದ. ಪೀಪಾಯಿಗಳ ಕೆಲಸಕ್ಕೆ ದೂರದ ಊರಿನ ಒಬ್ಬ ಬಡವನನ್ನು ತಂದು ಇಟ್ಟ. ಮುಂದಿನ ಬೇಸಿಗೆಯಲ್ಲಿ ಅವನೂ ಅಲ್ಲೇ ಸತ್ತ. ಅವನಿಗಾಗಿ ಹಾರೆ ಹಿಡಿಯಲು ಆ ಊರಿನಲ್ಲಿ ಯಾರೂ ಇರಲಿಲ್ಲ. ಸುದ್ದಿ ತಿಳಿದಾಗ ಸಾಧು ಅದೇ ಮುಗುಳ್ನಗೆ ನಕ್ಕನಂತೆ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಅಳುಕುತ್ತ ಕೇಳಿದ: "ವ್ಯಾಪಾರಿಯದು ಪಾಪವೇ ಸರಿ. ಆದರೆ ಗುರುಗಳೇ, ಆ ಸಾಧುವಿನ ಮನಸ್ಸು ಕದಡಲಿಲ್ಲ ಎಂಬುದು ನಿಜವಲ್ಲವೇ?"

"ನಿಜ," ಎಂದರು ಗುರುಗಳು, "ಮನಸ್ಸು ಕದಡಲಿಲ್ಲ, ಬಟ್ಟಲು ಮಾತ್ರ ಖಾಲಿಯಾಯಿತು."