ಅಪ್ಪನ ಜಾಗದಲ್ಲಿ ನಿಂತ ಕೋವಿ

ಕೋವಿ ಇಸ್ಯ ನನ್ನ ಕೇಳ್ರಲಾ. ಈ ಸೀಮೇಲಿ ನನ್ನಷ್ಟು ಬಲ್ಲೋನು ಇನ್ನೊಬ್ಬ ಹುಟ್ಟಿಲ್ಲ. ಹಂಗೇ ಮೊಗಣ್ಣನಷ್ಟು ಪೆದ್ದನೂ ಇನ್ನೊಬ್ಬ ಹುಟ್ಟಿಲ್ಲ.

ಅವನವ್ವ ನಿಂಗಾಜವ್ವ. ಗಂಡ ಸತ್ತು ವರ್ಸ ತುಂಬ್ತಾ ಬಂದಿತ್ತು. ಅವನ ಹಳೇ ಕೋವಿ ಸಿಡಿದೇ ಅವನು ಸತ್ತದ್ದು. ಕಾಡಂಚಿನ ಊರು. ವರ್ಸಕ್ಕೊಂದು ದಿನ ಊರಿಗೂರೇ ಜಿಂಕೆ ಬೇಟೆಗೆ ಹೋಗೋದು. ಯಾವ ಮನೆ ಕೋವಿ ನಿಂತಿರ್ತದೋ ಆ ಮನೆಗೆ ಬಾಡಲ್ಲಿ ಪಾಲು. ನಿಲ್ಲಲಿಲ್ವೋ, ಆ ಮನೇನೇ ಪಾಲಿಂದ ಹೊರಗೆ. ಆಮೇಲೆ ಕಾಲು ಹಿಡುದ್ರೂ ಸೇರಿಸಾಕಿಲ್ಲ.

ಮನೇಲಿ ಇದ್ದದ್ದು ಒಂದೇ ಮೇಕೆ. ಅದರ ಹಗ್ಗ ಮಗನ ಕೈಗಿಟ್ಟು ಅವ್ವ ಅಂದ್ಲು, "ಲೋ, ಲಿಂಗಾಚಾರಿ ಕುಲುಮೆಗೆ ಹೋಗು. ಮೇಕೆ ಕೊಟ್ಟು ಕೋವಿ ತಕ್ಕಂಬಾ. ನೀನು ಹೊಸಬ, ಹಗೂರಾಗಿರೋದು ನೋಡಿ ತಕ್ಕೋ!"

ಹೋದ. ಆಚಾರಿ ಉಣ್ಣಾಕೆ ಹೋಗಿದ್ದ. ಮೇಕೆ ಕಂಬಕ್ಕೆ ಕಟ್ಟಿ ಒಂದೊಂದೇ ಎತ್ತಿ ನೋಡ್ದ. ಎಲ್ಲಕ್ಕಿಂತ ಹಗೂರಾಗಿದ್ದದ್ದು ನಳಿಗೆ ಕೂರಿಸದ ಬರೀ ಮರದ ಹಿಡಿ. ಅದನ್ನೇ ಹೆಗಲಿಗೇರಿಸ್ಕಂಡು ಬಂದ.

"ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ನಳಿಗೆ ಎಲ್ಲೋ?"

"ಅದು ಭಾರ ಕಣವ್ವ!"

"ನಳಿಗೇನೇ ಮುಖ್ಯ ಕಣೋ ಮುಂಡೇದೆ! ಒಳಗೆ ಕಣ್ಣಿಟ್ಟು ನೋಡ್ಬೇಕು! ಸೊಟ್ಟ ಇರಬಾರ್ದು, ತುಕ್ಕು ಇರಬಾರ್ದು! ಹೋಗು!"

ಹೋದ. ಆಚಾರಿ ಇನ್ನೂ ಬಂದಿರಲಿಲ್ಲ. ಹಿಡಿ ಅಲ್ಲೇ ಮಡಗಿ ಒಂದೊಂದು ನಳಿಗೆಗೂ ಕಣ್ಣಿಟ್ಟ. ಎಲ್ಲದರೊಳಗೂ ಕತ್ತಲೆ. ಒಂದರೊಳಗೆ ಮಾತ್ರ ಬೆಳಕು ಫಳಫಳ! ಸೊಟ್ಟಿಲ್ಲ, ತುಕ್ಕಿಲ್ಲ. ಅದನ್ನೇ ತಂದ. ಒಲೆ ಊದೋ ಕೊಳವೆ!

ನಿಂಗಾಜವ್ವ ಹಣೆ ಚಚ್ಕಂಡ್ಲು. "ನೀನೇನೂ ಆರಿಸಬ್ಯಾಡ ಕಣಪ್ಪ! ಆಚಾರಿ ಬರೋಗಂಟ ಕುಂತಿರು. ಅವನು ಕೊಟ್ಟದ್ದು ತಾ!"

ಹೋದ. ಕುಂತ. ಆಚಾರಿ ಬಂದು ಗಟ್ಟಿಯಾದ ಒಂಟಿ ನಳಿಗೆ ಕೋವಿ ಕೊಟ್ಟ. ಹೊಸಬನಿಗೆ ಅದೇ ಸರಿ, ನಾನಾಗಿದ್ರೂ ಅದನ್ನೇ ಕೊಡ್ತಿದ್ದೆ. ಗಂಡ ಹೋದ ಮೇಲೆ ಅವ್ವನ ಮುಖದಲ್ಲಿ ನಗೆ ಕಂಡಿದ್ದು ಅವತ್ತೇಯ.

ಬೇಟೆ ದಿನ ಬೆಳಿಗ್ಗೆ ಅವ್ವನಿಗೆ ಕೋವಿ ಸಿಡಿದು ಸತ್ತ ಗಂಡನ ನೆಪ್ಪಾಯ್ತು. ಮಗನ ತಲೆ ಸವರಿ ಅಂದ್ಲು, "ನೀನು ಹೊಡೀಲೇಬೇಕು ಅಂತಿಲ್ಲ ಮಗ. ನಿಮ್ಮಪ್ಪ ನಿಲ್ತಿದ್ದ ಹೊನ್ನೆ ಮರದತ್ರ ನಮ್ಮ ಕೋವಿ ನಿಂತಿದ್ರೆ ಸಾಕು."

"ಅಷ್ಟೇನಾ!"

ಹೋದ. ಹೊನ್ನೆ ಮರಕ್ಕೆ ಕೋವಿ ಒರಗಿಸಿ ನಿಲ್ಲಿಸ್ದ. ಮನೆಗೆ ಬಂದು ಮುದ್ದೆ ಉಂಡು ಮಲಿಕ್ಕಂಡ.

ಜಿಂಕೆ ಹಿಂಡು ನುಗ್ಗಿ ಹೋದದ್ದು ಅದೇ ಮರದ ಪಕ್ಕದಲ್ಲಿ. ಊರಿಗೆ ಒಂದು ತುಂಡೂ ದಕ್ಕಲಿಲ್ಲ. ಸಂಜೆ ಊರ ಯಜಮಾನ ಪಾಪೇಗೌಡ ಕೋವಿ ತಂದು ಜಗಲಿ ಮೇಲೆ ಮಡಗ್ದ.

"ಕೋವಿ ನಿಂತಿತ್ತು ನಿಂಗಾಜವ್ವ, ಸುಳ್ಳಾಡಾಕಿಲ್ಲ. ಹಿಂದೆ ಆಳೇ ಇರಲಿಲ್ಲ. ಇನ್ಮೇಲೆ ನಿಮ್ಮನೆಗೆ ಪಾಲಿಲ್ಲ."

ಅವ್ವ ಬೈಲಿಲ್ಲ. ಮೇಕೆ ಇಲ್ಲದ ಗೂಟ ನೋಡ್ತಾ ಕುಂತ್ಲು. "ಇನ್ನೇನು ಬುದ್ಧಿ ಹೇಳ್ಲಪ್ಪ ನಿಂಗೆ? ನಿಮ್ಮಪ್ಪನ ಪಕ್ಕದಲ್ಲೇ ನನ್ನೂ ಹೂತಾಕ್ಬುಡು."

"ಹೂಂ ಕಣವ್ವ!"

ಗುದ್ದಲಿ ತಕ್ಕಂಡು ಹೋದ. ದೀಪ ಹಚ್ಚೋ ಹೊತ್ತಿಗೆ ಮೈಯೆಲ್ಲ ಮಣ್ಣು ಮಾಡ್ಕಂಡು ಬಂದು ಬಾಗಿಲಲ್ಲಿ ನಿಂತ.

"ಅವ್ವಾ, ಒಸಿ ಬಂದು ಮಲಗಿ ನೋಡು. ಉದ್ದ ಸಾಕಾ?"