ಆಕ್ಸಲ್ಲಿಗೆ ಒಪ್ಪಿದ ಹಾಳೆ

ಮಧ್ಯಾಹ್ನದ ಗ್ಯಾರೇಜಿನಲ್ಲಿ ಹಳೆಯ ಕಾರೊಂದು ಕಣ್ಣು ಮುಚ್ಚಿ, ಹಿಂದೆಂದೋ ಓಡಿದ್ದ ಘಾಟಿ ರಸ್ತೆಯ ಕನಸು ಕಾಣುತ್ತಿತ್ತು. ಅದರ ಹಿಂದಿನ ಚಕ್ರಗಳ ಆಕ್ಸಲ್ಲಿಗೆ ಮಾತ್ರ ನಿದ್ದೆಯಿಲ್ಲ. ಮುಚ್ಚಳದ ಸಂದಿಯಲ್ಲಿ ಎಣ್ಣೆ ತಡೆದು ಕೂತಿದ್ದ ಗ್ಯಾಸ್ಕೆಟ್ ಹರಿದು ಎಣ್ಣೆಯೆಲ್ಲ ಸೋರಿಹೋಗಿತ್ತು. ಸರಿಯಾದ ಇನ್ನೊಂದು ಸಿಗದಿದ್ದರೆ ಕಾರು ಗುಜರಿಗೆ ಹೋಗಬೇಕಿತ್ತು.

ಅಂಗಡಿಯಿಂದ ಬಂದ ಹೊಸ ಗ್ಯಾಸ್ಕೆಟ್ ಪೊಟ್ಟಣದೊಳಗಿಂದಲೇ ಹೇಳಿತು: “ಚಿಂತೆ ಬಿಡು. ನಾನು ಎಲ್ಲ ಕಾರುಗಳಿಗೂ ಹೊಂದುವವನು.”

ಪೊಟ್ಟಣ ಬಿಚ್ಚಿದ ಮೇಲೆ ಆಕ್ಸಲ್ ಅದನ್ನು ತನ್ನ ಮುಖಕ್ಕಿಟ್ಟು ನೋಡಿತು. “ಅಯ್ಯಾ, ನಿನ್ನ ತೂತು ಒಂದು ಕಡೆ, ನನ್ನ ಬೋಲ್ಟು ಒಂದು ಕಡೆ.”

“ಹಾಗಾದರೆ ನಿನ್ನ ಬೋಲ್ಟುಗಳನ್ನು ಸರಿಸಿಕೊ,” ಎಂದಿತು ಗ್ಯಾಸ್ಕೆಟ್.

ಮೂಲೆಯಲ್ಲಿ ಸುರುಳಿ ಸುತ್ತಿ ಮಲಗಿದ್ದ, ಗ್ಯಾಸ್ಕೆಟ್ ಕತ್ತರಿಸುವ ದಪ್ಪ ಪ್ಯಾಕಿಂಗ್ ಹಾಳೆ ಮೆಲ್ಲಗೆ ಬಿಚ್ಚಿಕೊಂಡು ಆಕ್ಸಲ್ಲಿಗೆ ಹೇಳಿತು: “ಅಜ್ಜಾ, ನಿನ್ನ ಆಕಾರ ನನಗೆ ಗೊತ್ತಿಲ್ಲ. ನಿನ್ನ ಮೇಲೆ ಒರಗುತ್ತೇನೆ, ಗ್ಯಾರೇಜಿನ ಮೇಸ್ತ್ರಿ ಸುತ್ತಿಗೆಯಿಂದ ತಟ್ಟಲಿ. ನಿನ್ನ ಅಂಚು ಎಲ್ಲಿ ಒತ್ತುತ್ತದೋ ಅಲ್ಲೇ ನನ್ನನ್ನು ಕತ್ತರಿಸಲಿ.”

“ನೋವಾಗುತ್ತದಲ್ಲ, ಮಗು?”

“ಆಗುತ್ತದೆ. ನಿನ್ನ ಗುರುತು ಸಿಗಲು ನನಗೆ ಬೇರೆ ದಾರಿ ಗೊತ್ತಿಲ್ಲ.”

ಮೇಸ್ತ್ರಿ ಟಕಟಕ ತಟ್ಟಿದ. ನಿಂತ ನೀರಿನಲ್ಲಿ ಕಂಡಂತೆ ಆಕ್ಸಲ್ಲಿನ ಮುಖ ಹಾಳೆಯ ಮೇಲೆ ಮೂಡಿತು. ಕತ್ತರಿಸಿ ಕೂರಿಸಿದಾಗ ಮುಚ್ಚಳ ಬಿಗಿಯಾಯಿತು. ತುಂಬಿದ ಎಣ್ಣೆ ಒಂದು ತೊಟ್ಟೂ ಸೋರಲಿಲ್ಲ.

ಕಾರು ಹೊರಡುವಾಗ, ಗೋಡೆಯ ಮೊಳೆಗೆ ನೇತುಹಾಕಿದ್ದ ಅಂಗಡಿಯ ಗ್ಯಾಸ್ಕೆಟ್ ಕೂಗಿತು: “ಏ ಹಾಳೆ, ಆ ಕತ್ತಲೆಯೊಳಗೆ ನಿನ್ನನ್ನು ಯಾರು ನೋಡುತ್ತಾರೆ?”

ಹಾಳೆಗೆ ಅದು ಕೇಳಿಸಲಿಲ್ಲ. ಅಜ್ಜನ ಮುಖಕ್ಕೆ ಮುಖವೊತ್ತಿಕೊಂಡು ಅದು ಘಾಟಿ ರಸ್ತೆಯ ಸದ್ದನ್ನು ಕೇಳುತ್ತಿತ್ತು.